ಪಟ್ಟಿ ಕೊಟ್ಟರೆ ಮುಗಿಯಿತೇ?

ಮೇ ತಿಂಗಳ ಮುಂಬ್ರಾ ಅಂದರೆ ಬೆವರು. ಪಾರ್ಸಿಕ್ ಗುಡ್ಡದ ಕಪ್ಪು ಬಂಡೆ ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಕಾವನ್ನು ಕೆಳಗಿನ ಕಟ್ಟಡಗಳ ಮೇಲೆ ಬಿಡುತ್ತದೆ. ಖಾಡಿಯ ಕಡೆಯಿಂದ ಬೀಸುವ ಗಾಳಿಯೂ ಅಂಟು ಅಂಟು. ಸ್ಲೋ ಲೋಕಲ್ಲಿನ ಬಾಗಿಲಲ್ಲಿ ನಿಂತವರ ಅಂಗಿ ದಿವಾ ದಾಟುವಷ್ಟರಲ್ಲಿ ಬೆನ್ನಿಗೆ ಹತ್ತಿಕೊಂಡಿರುತ್ತದೆ. ಇಂಥ ಊರಿನಿಂದ, ಇಂಥ ತಿಂಗಳಲ್ಲಿ, ಪ್ರತಿ ವರ್ಷ ಒಂದಷ್ಟು ಮಂದಿ ದೊಡ್ಡ ರಕ್‌ಸ್ಯಾಕ್ ಹೊತ್ತು ಕಲ್ಯಾಣದತ್ತ ಹೊರಡುತ್ತಾರೆ. ಅಲ್ಲಿ ಉತ್ತರಕ್ಕೆ ಹೋಗುವ ರೈಲು ಹತ್ತಿದರೆ ಒಂದೆರಡು ದಿನದಲ್ಲಿ ಹಿಮಾಲಯದ ಬುಡ. ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡದ ಮನೆಗಳಿಂದಲೂ ಹೋಗುತ್ತಾರೆ. ಬ್ಯಾಂಕಿನವರು, ಹೋಟೆಲ್ ನಡೆಸುವವರ ಮಕ್ಕಳು, ನಿವೃತ್ತರಾದ ಮಾಸ್ತರರು, ಐಟಿ ಕಂಪನಿಯ ಹುಡುಗಿಯರು. ಅವರಲ್ಲಿ ಹೆಚ್ಚಿನವರ ಹುಟ್ಟೂರು ಕರಾವಳಿ, ಇಲ್ಲವೇ ವಿಜಯಪುರ ಕಲಬುರಗಿಯ ಬಿಸಿಲುನಾಡು. ಚಳಿ ಅಂದರೆ ಅವರಿಗೆ ಡಿಸೆಂಬರಿನಲ್ಲಿ ಫ್ಯಾನ್ ಆರಿಸಿ ಮಲಗುವುದು.

ಅವರೆಲ್ಲರ ಮೊಬೈಲಿನಲ್ಲಿ ಒಂದು ಪಟ್ಟಿ ಇರುತ್ತದೆ. ಥರ್ಮಲ್ ಎರಡು ಜೊತೆ, ಫ್ಲೀಸ್ ಒಂದು, ದಪ್ಪ ಜಾಕೆಟ್ ಒಂದು, ಪೊಂಚೊ ಅಥವಾ ರೇನ್‌ಕೋಟ್, ಉಣ್ಣೆಯ ಕಾಲುಚೀಲ, ಕೈಗವಸು, ಮಂಕಿ ಕ್ಯಾಪ್, ಟಾರ್ಚ್, ಶೂ. ಪಟ್ಟಿಯ ತಳದಲ್ಲಿ ಒಂದು ಸಾಲು: ಇವನ್ನೆಲ್ಲ ತರುವುದು ಭಾಗವಹಿಸುವವರ ಜವಾಬ್ದಾರಿ.

ಜಗಳ ಇರುವುದು ಆ ಕೊನೆಯ ಸಾಲಿನ ಜೊತೆ. ಚಾರಣ ನಡೆಸುವವರು ಹಣ ಪಡೆಯುತ್ತಾರೆ, ದಾರಿ ಆರಿಸುತ್ತಾರೆ, ದಿನ ಗೊತ್ತುಮಾಡುತ್ತಾರೆ, ಗೈಡನ್ನು ನೇಮಿಸುತ್ತಾರೆ, ಎಲ್ಲಿ ಟೆಂಟ್ ಹಾಕಬೇಕೆಂದು ಹೇಳುತ್ತಾರೆ. ಚಳಿಯಿಂದ ಸಾಯದೆ ಉಳಿಯುವ ವಿಷಯ ಬಂದಾಗ ಮಾತ್ರ ಅದು ಗಿರಾಕಿಯ ಸ್ವಂತ ಶಾಪಿಂಗ್ ಆಗಿಬಿಡುತ್ತದೆ. ಈ ಏರ್ಪಾಡು ತಪ್ಪು. ಇದನ್ನು ಸಹಜವೆಂದು ಒಪ್ಪಿಕೊಂಡಿರುವುದು ಚಾರಣಿಗರ ತಪ್ಪು, ಒಪ್ಪಿಸಿರುವುದು ದಂಧೆಯ ತಪ್ಪು, ನೋಡಿಕೊಂಡು ಕುಳಿತಿರುವುದು ಸರ್ಕಾರಗಳ ತಪ್ಪು.

2024ರ ಜೂನ್ ಮೊದಲ ವಾರವನ್ನು ಕನ್ನಡದ ಓದುಗರು ಮರೆತಿರಲಾರರು. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಹಸ್ತ್ರತಾಲ್ ಸುಮಾರು 4,400 ಮೀಟರ್ ಎತ್ತರದ ಸರೋವರಗಳ ತಾಣ. ಅಲ್ಲಿಗೆ 22 ಜನರ ಒಂದು ತಂಡ ಹೋಗಿತ್ತು. 18 ಮಂದಿ ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ಗೈಡ್‌ಗಳು. ಮೇ 29ಕ್ಕೆ ಹೊರಟು ಜೂನ್ 7ಕ್ಕೆ ಮರಳಬೇಕಿತ್ತು. ಜೂನ್ 3ರಂದು ಸರೋವರ ನೋಡಿ ಇಳಿಯುವಾಗ ಹವೆ ಕೆಟ್ಟಿತು. ಗಾಳಿ, ಹಿಮ, ಕಣ್ಣಿಗೆ ದಾರಿ ಕಾಣದ ಮಬ್ಬು. ಕ್ಯಾಂಪ್ ತಲುಪಲಾಗದೆ ತಂಡ ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಕೆಳಗೆ ನಡೆದು ಬಂದವರಿಂದ ಸುದ್ದಿ ಹೊರಜಗತ್ತಿಗೆ ಮುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು, ರಾಜ್ಯ ವಿಪತ್ತು ಪಡೆಯವರು, ಊರಿನ ಜನ ಸೇರಿ 13 ಜನರನ್ನು ಉಳಿಸಿದರು. ಒಂಬತ್ತು ಮಂದಿ ಹೆಣವಾಗಿ ಬಂದರು. ಕರ್ನಾಟಕ ಸರ್ಕಾರದ ಪರವಾಗಿ ಸಚಿವ ಕೃಷ್ಣ ಬೈರೇಗೌಡ ಡೆಹರಾಡೂನಿಗೆ ಹೋಗಿ ನಿಂತು ವ್ಯವಸ್ಥೆ ನೋಡಿಕೊಂಡರು. ಉತ್ತರಾಖಂಡ ಸರ್ಕಾರ ತನಿಖೆಗೆ ಆದೇಶಿಸಿತು. ಒಂದೆರಡು ವಾರ ಟಿವಿಯಲ್ಲಿ ಚರ್ಚೆ ನಡೆಯಿತು. ಆಮೇಲೆ ಅದೇ ಪಟ್ಟಿ, ಅದೇ ಕೊನೆಯ ಸಾಲು ಹೊಸ ಗುಂಪುಗಳ ಮೊಬೈಲಿಗೆ ಹೋಗತೊಡಗಿತು.

ಆ ಒಂದೆರಡು ವಾರ ಜನ ಆಡಿದ ಮಾತು ಎರಡೇ ಬಗೆಯವು. ಒಂದು, ವಿಧಿ. ಹಿಮಾಲಯ ಅಂದಮೇಲೆ ಹೀಗೆಲ್ಲ ಆಗುತ್ತದೆ, ಪ್ರಕೃತಿಯ ಮುಂದೆ ಮನುಷ್ಯ ಯಾವ ಲೆಕ್ಕ ಎಂಬುದು. ಇನ್ನೊಂದು, ವಯಸ್ಸು. ತೀರಿಕೊಂಡವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು. ಆ ವಯಸ್ಸಿನಲ್ಲಿ ಬೇಕಿತ್ತೇ ಎಂಬ ಪ್ರಶ್ನೆ ಪಡಸಾಲೆಗಳಲ್ಲಿ ಓಡಾಡಿತು. ಎರಡೂ ಮಾತುಗಳಿಂದ ಸಿಗುವ ಅನುಕೂಲ ಒಂದೇ: ಬೇರೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಬೆಟ್ಟದ ಗಾಳಿಗೆ ವಯಸ್ಸಿನ ಭೇದವಿಲ್ಲ. ಇಪ್ಪತ್ತೈದರ ಹುಡುಗನೂ ಒದ್ದೆ ಬಟ್ಟೆಯಲ್ಲಿ ಬಯಲಲ್ಲಿ ಕುಳಿತರೆ ಸಾಯುತ್ತಾನೆ. ವಯಸ್ಸಾದವರಿಗೆ ಅಪಾಯ ಹೆಚ್ಚು ಎಂಬುದು ನಿಜ. ಹಾಗಿದ್ದರೆ ಅವರನ್ನು ಸೇರಿಸಿಕೊಳ್ಳುವವರ ತಯಾರಿಯೂ ಹೆಚ್ಚಿರಬೇಕು. ಸತ್ತ ಮೇಲೆ ವಯಸ್ಸು ಎತ್ತಿ ಆಡುವುದಲ್ಲ. ಸತ್ತವರು ಏನು ತೊಟ್ಟಿದ್ದರೆಂದು ಲೆಕ್ಕ ಹಾಕುವುದೂ ಇಲ್ಲಿಯ ಕೆಲಸವಲ್ಲ. ಮುಂದೆ ಹೋಗುವವರು ಏನು ತೊಟ್ಟಿರಬೇಕು, ಅದನ್ನು ಖಚಿತಪಡಿಸುವವರು ಯಾರು ಎಂಬುದಷ್ಟೇ ಪ್ರಶ್ನೆ.

ಚಳಿ ಹೇಗೆ ಕೊಲ್ಲುತ್ತದೆ ಎಂಬುದನ್ನು ಮುಂಬ್ರಾದಲ್ಲಿ ಕುಳಿತು ಊಹಿಸುವುದು ಕಷ್ಟ. ಆದರೆ ಲೆಕ್ಕ ಸುಲಭ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 30 ಡಿಗ್ರಿ ಇರುವ ದಿನ 4,400 ಮೀಟರ್ ಎತ್ತರದಲ್ಲಿ ಒಂದೆರಡು ಡಿಗ್ರಿ ಉಳಿದಿರುತ್ತದೆ, ಅದೂ ಹವೆ ಚೆನ್ನಾಗಿದ್ದಾಗ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ ಏಳರಷ್ಟು ತಾಗುತ್ತದೆ. ಇದರ ಮೇಲೆ ಬಟ್ಟೆ ಒದ್ದೆಯಾದರೆ ಮುಗಿಯಿತು. ನೀರು ಮೈಯ ಕಾವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಂಡು ಹೋಗುತ್ತದೆ. ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕವೂ ಆ ಎತ್ತರದಲ್ಲಿ ಸಮುದ್ರಮಟ್ಟದ ಶೇ. 60ರ ಆಸುಪಾಸು ಮಾತ್ರ. ದಣಿದ ದೇಹ ಕಾವು ಹುಟ್ಟಿಸಲೂ ಸೋಲುತ್ತದೆ.

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಗಡಗಡ ನಡುಕ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಬೆರಳಿಗೆ ಜಿಪ್ ಹಿಡಿಯಲಾಗುವುದಿಲ್ಲ. ಇನ್ನೂ ಇಳಿದರೆ ನಡುಕವೇ ನಿಲ್ಲುತ್ತದೆ. ನೋಡುವವರಿಗೆ ಸುಧಾರಿಸಿದಂತೆ ಕಾಣುತ್ತದೆ, ನಿಜದಲ್ಲಿ ದೇಹ ಕೈಚೆಲ್ಲಿರುತ್ತದೆ. ಕೆಲವರು ಕೊನೆಯ ಹೊತ್ತಿಗೆ ಸೆಖೆಯಾಗುತ್ತಿದೆ ಎಂಬ ಭ್ರಮೆಯಲ್ಲಿ ಇದ್ದ ಬಟ್ಟೆಯನ್ನೂ ಕಳಚುತ್ತಾರೆ. ಚಳಿ ಕೈಕಾಲಿನ ಜೊತೆಗೇ ಬುದ್ಧಿಯನ್ನೂ ಕಸಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಚೀಲದ ತಳದಲ್ಲಿ ಜಾಕೆಟ್ ಇದೆ, ತೆಗೆದು ಹಾಕಿಕೊಳ್ಳಬೇಕು ಎಂದು ತೋಚುವ ಶಕ್ತಿಯೇ ಹೋಗಿರುತ್ತದೆ. ಹಾಗಿರುವಾಗ ಅದು ಆಯಾ ವ್ಯಕ್ತಿಯ ಜವಾಬ್ದಾರಿ ಎಂದು ಕಾಗದದಲ್ಲಿ ಬರೆಯುವುದು, ಮುಳುಗುತ್ತಿರುವವನಿಗೆ ಈಜುವುದು ನಿನ್ನ ಜವಾಬ್ದಾರಿ ಎಂದು ದಡದಿಂದ ಕೂಗಿ ಹೇಳಿದಂತೆ.

ಮುಂಬಯಿ ಸುತ್ತಲಿನ ಚಾರಣಿಗರಿಗೆ ಇನ್ನೊಂದು ತೊಡಕಿದೆ. ಅವರ ತರಬೇತಿಯೇ ತಲೆಕೆಳಗು. ಬೆಟ್ಟದ ಗೊತ್ತಿಲ್ಲದ ಜನರಲ್ಲ ಇವರು. 1954ರಲ್ಲಿ ಹುಟ್ಟಿದ ಗಿರಿವಿಹಾರ ಕ್ಲಬ್ಬು ಮುಂಬಯಿಯಲ್ಲಿ ತಲೆಮಾರುಗಳಿಗೆ ಬಂಡೆ ಹತ್ತುವುದನ್ನು ಕಲಿಸಿದೆ. ಮುಂಬ್ರಾದ ಬಂಡೆಗಳಲ್ಲಿ ಭಾನುವಾರದ ಅಭ್ಯಾಸ ಮಾಡಿದವರು ಈ ನಗರದಲ್ಲಿ ಬಹಳ. ಆದರೆ ಈಚಿನ ಬಹುಪಾಲು ಜನರ ಚಾರಣ ಶುರುವಾಗುವುದು ಮಳೆಗಾಲದ ಸಹ್ಯಾದ್ರಿಯಲ್ಲಿ. ಜುಲೈಯಲ್ಲಿ ಕರ್ಜತ್ ಕಡೆ ಹೋಗುವುದು, ಹತ್ತಿಯ ಟೀಶರ್ಟಿನಲ್ಲಿ ಇಡೀ ದಿನ ನೆನೆಯುವುದು, ಸಂಜೆ ಚಹಾ ಕುಡಿದು ಲೋಕಲ್ಲಿನಲ್ಲಿ ಬಟ್ಟೆ ಒಣಗಿಸಿಕೊಳ್ಳುತ್ತ ಮನೆಗೆ ಬರುವುದು. ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿಯ ಮಳೆ ಬೆಚ್ಚಗಿನ ಮಳೆ, ಊರು ಎರಡು ಗಂಟೆಯ ದೂರದಲ್ಲಿದೆ. ಹತ್ತು ಮಳೆಗಾಲ ಹೀಗೆ ಕಳೆದವರಿಗೆ ಒದ್ದೆಯಾಗುವುದೇ ಮಜಾ ಎಂಬ ಪಾಠ ಮೈಗೆ ಹತ್ತಿರುತ್ತದೆ. ಅದೇ ಹತ್ತಿ ಬನಿಯನ್, ಅದೇ ಜೀನ್ಸ್, ಅದೇ ಪೊಂಚೊ ಹಿಮಾಲಯಕ್ಕೂ ಹೋಗುತ್ತವೆ. ಹತ್ತಿ ನೀರು ಕುಡಿದು ಹಿಡಿದಿಟ್ಟುಕೊಳ್ಳುವ ನೂಲು. ನೆನೆದ ಮೇಲೆ ಅದರಲ್ಲಿ ಬೆಚ್ಚಗಿನ ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಪೊಂಚೊ ನೆಟ್ಟಗೆ ಬೀಳುವ ಮಳೆಗೆ ಸರಿ. ಅಡ್ಡಗಾಳಿಗೆ ಅದು ಹಾಯಿಯಂತೆ ಉಬ್ಬಿ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಆದರೂ ಪಟ್ಟಿಯಲ್ಲಿ ಪೊಂಚೊ ಅಥವಾ ರೇನ್‌ಕೋಟ್ ಎಂದೇ ಇರುತ್ತದೆ. ಆ ‘ಅಥವಾ’ ಬರೆದವರು ಗಾಳಿಯನ್ನು ನೋಡಿಲ್ಲ, ಇಲ್ಲವೇ ನೋಡಿಯೂ ತಲೆಕೆಡಿಸಿಕೊಂಡಿಲ್ಲ.

ಇದೇನೂ ಯುರೋಪಿನಿಂದ ಕಲಿಯಬೇಕಾದ ವಿದ್ಯೆಯಲ್ಲ. ಮಲೆನಾಡಿನ ನಾಟಿ ಗದ್ದೆಯಲ್ಲಿ ಆಷಾಢದ ಮಳೆಗೆ ಬೆನ್ನು ಬಗ್ಗಿಸಿ ನಿಂತವರು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಕುರುಬರು ನೇಯ್ದ ಒರಟು ಉಣ್ಣೆ ನೆನೆದರೂ ಒಂದಷ್ಟು ಬೆಚ್ಚಗಿಡುತ್ತದೆ, ಗಾಳಿಯನ್ನೂ ತಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಕರಾವಳಿಯಲ್ಲಿ ಅದೇ ಕೆಲಸಕ್ಕೆ ಎಲೆಯ ಗೊರಬೆ ಇತ್ತು. ಮಳೆ ತಡೆಯುವುದು ಒಂದು, ಕಾವು ಹಿಡಿಯುವುದು ಇನ್ನೊಂದು ಎಂಬ ವಿವೇಕ ಆ ಎರಡು ವಸ್ತುಗಳಲ್ಲೇ ಇದೆ. ಇಂದಿನ ಪರ್ವತಾರೋಹಿಗಳು ಮೂರು ಪದರ ಎನ್ನುವುದೂ ಇದನ್ನೇ. ಮೈಗೆ ತಾಗಿ ಬೆವರು ಹೊರಹಾಕುವ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ. ಅದರ ಮೇಲೆ ಕಾವು ಹಿಡಿಯುವ ಫ್ಲೀಸ್ ಅಥವಾ ತುಪ್ಪುಳಿನ ಜಾಕೆಟ್. ಎಲ್ಲದರ ಮೇಲೆ ಗಾಳಿ ನೀರು ನುಗ್ಗದ, ಟೋಪಿಯಿರುವ ಹೊರಕವಚ. ಹಕ್ಕಿಯ ತುಪ್ಪುಳು ತುಂಬಿದ ಡೌನ್ ಜಾಕೆಟ್ ಒಣಗಿದ್ದಾಗ ಅದಕ್ಕೆ ಸಮನಿಲ್ಲ. ನೆನೆದರೆ ಮುದ್ದೆಯಾಗಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಮೇಲಿನ ಕವಚವಿಲ್ಲದ ಡೌನ್ ಜಾಕೆಟ್ಟು ಫೋಟೋಕ್ಕೆ ಮಾತ್ರ ಚೆಂದ.

ಅಂಗಡಿಗೆ ಹೋದರೆ ಗೊಂದಲ ಇನ್ನೂ ಹೆಚ್ಚು. ಸ್ಲೀಪಿಂಗ್ ಬ್ಯಾಗಿನ ಮೇಲೆ ‘ಮೈನಸ್ ಹತ್ತು’ ಎಂದು ದೊಡ್ಡದಾಗಿ ಬರೆದಿರುತ್ತದೆ. ಯಾವ ಮೈನಸ್ ಹತ್ತು? ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 23537ರ ಪ್ರಕಾರ ಒಂದೇ ಚೀಲಕ್ಕೆ ಬೇರೆ ಬೇರೆ ಅಂಕಿಗಳಿರುತ್ತವೆ. ಆರಾಮವಾಗಿ ಮಲಗಬಹುದಾದ ಉಷ್ಣಾಂಶ ಒಂದು. ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಮಿತಿ ಇನ್ನೊಂದು. ಹೈಪೋಥರ್ಮಿಯಾದ ಅಪಾಯದೊಂದಿಗೆ ಕೆಲವು ಗಂಟೆ ಜೀವ ಹಿಡಿದುಕೊಳ್ಳಬಹುದಾದ ತುದಿ ಮತ್ತೊಂದು. ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತಿಪ್ಪತ್ತು ಡಿಗ್ರಿಯ ಅಂತರವಿರುತ್ತದೆ. ಬರಿದೇ ಒಂದು ಅಂಕಿ ಬರೆದ ಚೀಲ ಯಾವುದನ್ನು ಹೇಳುತ್ತಿದೆ ಎಂದು ಕೊಳ್ಳುವವನಿಗೂ ಗೊತ್ತಿಲ್ಲ, ಬಾಡಿಗೆಗೆ ಕೊಡುವವನಿಗೂ ಗೊತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪಾಲಿಸಬೇಕಾದರೂ ಮೊದಲು ಹಾಸಿಗೆಯ ಉದ್ದ ಗೊತ್ತಿರಬೇಕಲ್ಲ.

ಜಾಕೆಟ್ಟುಗಳ ಕಥೆಯೂ ಇದೇ. ಕಲ್ಯಾಣದ ಪಕ್ಕದ ಉಲ್ಲಾಸನಗರ ಜೀನ್ಸಿಗೆ ದೇಶಕ್ಕೆಲ್ಲ ಹೆಸರುವಾಸಿ; ಅಲ್ಲಿಯ ಮಾಲಿನ ಮೇಲಿನ ‘ಯುಎಸ್‌ಎ’ ಅಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಶನ್ ಎಂಬುದು ಈ ಭಾಗದ ಹಳೆಯ ಜೋಕು. ಪ್ಯಾಂಟಿನ ವಿಷಯದಲ್ಲಿ ಜೋಕು ನಡೆಯುತ್ತದೆ. ಹೊಲಿಗೆ ಬಿಟ್ಟರೆ ಮುಜುಗರವಾಗುತ್ತದೆ, ಅಷ್ಟೇ. ದೊಡ್ಡ ಕಂಪನಿಯ ಚಿಹ್ನೆ ಹೊಲಿದ ನಕಲಿ ಜಾಕೆಟ್ಟು ದೇಶದ ಯಾವ ಫುಟ್‌ಪಾತಿನಲ್ಲಾದರೂ ಸಿಗುತ್ತದೆ. ಅದರ ಹೊಲಿಗೆಯ ತೂತುಗಳಿಗೆ ಒಳಗಿಂದ ಟೇಪು ಅಂಟಿಸಿದೆಯೇ, ಬಟ್ಟೆ ಎಷ್ಟು ಒತ್ತಡದ ನೀರು ತಡೆಯುತ್ತದೆ ಎಂದು ಹೇಳುವವರಿಲ್ಲ. 2021ರ ಜೂನ್ 1ರಿಂದ ಈ ದೇಶದಲ್ಲಿ ಬೈಕಿನ ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ್ದನ್ನು ಮಾರುವುದು ಅಪರಾಧ. ತಲೆ ಉಳಿಸುವ ವಸ್ತುವನ್ನು ಗಿರಾಕಿಯ ಕಣ್ಣಂದಾಜಿಗೆ ಬಿಡಬಾರದು ಎಂದು ಸರ್ಕಾರ ಅಲ್ಲಿ ಒಪ್ಪಿಕೊಂಡಿದೆ. ಜೀವ ಉಳಿಸುವ ಜಾಕೆಟ್ಟಿಗೆ ಅಂಥ ಯಾವ ಕಡ್ಡಾಯವೂ ಇಲ್ಲ.

ಶಿಫಾರಸು ಮತ್ತು ಕಡ್ಡಾಯ ಎಂಬ ಎರಡು ಪದಗಳ ನಡುವೆ ಎಷ್ಟು ಹೆಣ ಬೀಳಬಹುದು ಎಂಬುದಕ್ಕೆ ಚೀನಾದಲ್ಲಿ ಉದಾಹರಣೆಯಿದೆ. 2021ರ ಮೇ 22ರಂದು ಗಾನ್ಸು ಪ್ರಾಂತ್ಯದ ಬಾಯಿಯಿನ್ ಬಳಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯಿತು. ಹೊರಟವರು 172 ಮಂದಿ. ನಡುದಾರಿಯಲ್ಲಿ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. ಬಹಳ ಮಂದಿ ಚಡ್ಡಿ ಟೀಶರ್ಟಿನಲ್ಲಿದ್ದರು. ಗಾಳಿ ತಡೆಯುವ ಜಾಕೆಟ್ ಒಯ್ಯುವುದು ಒಳ್ಳೆಯದು ಎಂಬ ಸಲಹೆಯಷ್ಟೇ ಇತ್ತು, ಕಡ್ಡಾಯವಿರಲಿಲ್ಲ. 21 ಓಟಗಾರರು ಸತ್ತರು. ಅವರಲ್ಲಿ ದೇಶದ ಅತ್ಯುತ್ತಮ ಓಟಗಾರರಿದ್ದರು; ದೇಹದಾರ್ಢ್ಯಕ್ಕೂ ವಯಸ್ಸಿಗೂ ಅಲ್ಲಿ ಕೊರತೆಯಿರಲಿಲ್ಲ. ಕೆಲವರನ್ನು ಉಳಿಸಿದ್ದು ಒಬ್ಬ ಕುರಿಗಾಹಿ, ಅವನ ಗುಹೆ, ಅವನು ಹೊತ್ತಿಸಿದ ಬೆಂಕಿ. ಯುರೋಪಿನ ಮೋಂಬ್ಲಾ ಸುತ್ತಿನ ಪ್ರಸಿದ್ಧ ಓಟದಲ್ಲಿ ನಿಯಮ ಬೇರೆ: ಟೋಪಿಯಿರುವ, ನಿರ್ದಿಷ್ಟ ಒತ್ತಡದ ನೀರು ತಡೆಯುವ ಜಾಕೆಟ್ಟು, ಜೀವರಕ್ಷಕ ಹೊದಿಕೆ ಎಲ್ಲ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದವರಿಗೆ ದಂಡನೆ, ಅನರ್ಹತೆ. ಅಲ್ಲಿಯ ಸಂಘಟಕರು ಪಟ್ಟಿ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಚೀಲ ಬಿಚ್ಚಿಸಿ ನೋಡುತ್ತಾರೆ.

ಮುಂಬ್ರಾದವರಿಗೆ ಈ ವಾದ ಅರ್ಥವಾಗಲು ಚೀನಾ ಯುರೋಪ್ ಕೂಡ ಬೇಕಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಸ್ಟೇಶನ್ ಬಳಿಯ ತಿರುವಿನಲ್ಲಿ ತುಂಬಿ ತುಳುಕುತ್ತಿದ್ದ ಲೋಕಲ್ ರೈಲುಗಳಿಂದ ಜನ ಹಳಿಗೆ ಬಿದ್ದರು. ನಾಲ್ವರು ಅಂದೇ ಸತ್ತರು. ಆಗಲೂ ಮೊದಲು ಕೇಳಿದ ಮಾತು, ಬಾಗಿಲಲ್ಲಿ ನೇತಾಡುವುದೇಕೆ ಎಂದು. ದಿನವೂ ಆ ಗಾಡಿ ಹತ್ತುವವರಿಗೆ ಉತ್ತರ ಗೊತ್ತಿತ್ತು: ಒಳಗೆ ಜಾಗವಿಲ್ಲ, ಆಫೀಸು ಕಾಯುವುದಿಲ್ಲ. ಕೊನೆಗೆ ರೈಲ್ವೆ ಇಲಾಖೆಯೇ ತಾನಾಗಿ ಮುಚ್ಚುವ ಬಾಗಿಲಿನ ಗಾಡಿಗಳನ್ನು ತರುವುದಾಗಿ ಹೇಳಬೇಕಾಯಿತು. ಪ್ರಯಾಣಿಕರು ಮನೆಯಿಂದ ಗಟ್ಟಿ ಹಗ್ಗ ತಂದು ಸೊಂಟಕ್ಕೆ ಕಟ್ಟಿಕೊಳ್ಳತಕ್ಕದ್ದು, ಅದು ಅವರ ಜವಾಬ್ದಾರಿ ಎಂದು ರೈಲ್ವೆ ಒಂದು ಪಟ್ಟಿ ಹೊರಡಿಸಿದ್ದರೆ ಮುಂಬ್ರಾ ಸುಮ್ಮನಿರುತ್ತಿತ್ತೇ? ಹತ್ತಿಪ್ಪತ್ತು ರೂಪಾಯಿಯ ಟಿಕೆಟ್ಟಿಗೆ ಬಾಗಿಲು ಕೇಳುವ ಜನ, ಸಾವಿರಾರು ರೂಪಾಯಿ ಕೊಟ್ಟು ಹೋಗುವ ಚಾರಣದಲ್ಲಿ ಹಗ್ಗದ ಪಟ್ಟಿಯನ್ನು ತಲೆಬಗ್ಗಿಸಿ ಒಪ್ಪಿಕೊಳ್ಳುತ್ತಾರೆ.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೂರಕ್ಕೂ ಉತ್ತರ ಕೊಡಬೇಕು.

ಒಂದು: ಸಾಹಸ ಎಂದರೆ ಸ್ವಂತ ಹೊಣೆ, ಎಲ್ಲವನ್ನೂ ಕಡ್ಡಾಯ ಮಾಡಿದರೆ ಅದು ಪಿಕ್ನಿಕ್ ಆಗುತ್ತದೆ. ನಾಲ್ಕು ಗೆಳೆಯರು ತಾವೇ ನಕ್ಷೆ ನೋಡಿ, ತಾವೇ ಹೊತ್ತು, ತಾವೇ ಹೋದರೆ ಈ ಮಾತು ಸರಿ. ಗುಂಪು ಕಟ್ಟಿ, ಫೀಸು ಪಡೆದು, ಮೊದಲ ಸಲದವರಿಗೂ ಸುಲಭ ಎಂದು ಜಾಹೀರಾತು ಕೊಟ್ಟು ಕರೆದೊಯ್ಯುವುದು ಸೇವೆ. ಸೇವೆ ಮಾರಿದವರು ಹೊಣೆಯನ್ನೂ ಹೊರಬೇಕು. ಸಹಿ ಹಾಕಿಸಿಕೊಳ್ಳುವ ಮುಚ್ಚಳಿಕೆ ಎಲ್ಲವನ್ನೂ ಮುಚ್ಚಲಾರದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂಬ ಕಲ್ಪನೆಯನ್ನೇ ಕಾನೂನಿನೊಳಗೆ ತಂದಿದೆ. ಗ್ರಾಹಕನ ಹಕ್ಕನ್ನು ವಿಪರೀತ ಕುಗ್ಗಿಸುವ ಕರಾರನ್ನು ರಾಜ್ಯ ಗ್ರಾಹಕ ಆಯೋಗದ ಮುಂದೆ ಪ್ರಶ್ನಿಸಬಹುದು.

ಎರಡು: ಇದೆಲ್ಲ ದುಬಾರಿ, ಕಡ್ಡಾಯವಾದರೆ ಚಾರಣ ಶ್ರೀಮಂತರಿಗೆ ಮಾತ್ರ ಉಳಿಯುತ್ತದೆ. ಇದು ಗಂಭೀರವಾದ ಮಾತು, ಮುಂಬ್ರಾದಂಥ ಊರಿನಲ್ಲಿ ಇನ್ನೂ ಗಂಭೀರ. ಆದರೆ ಜೀವ ಉಳಿಸುವ ವಸ್ತುಗಳಲ್ಲಿ ಬಹಳಷ್ಟು ಅಗ್ಗದವು. ಹತ್ತಿಯ ಬದಲು ಪಾಲಿಯೆಸ್ಟರ್ ಬನಿಯನ್ ತೊಡುವುದಕ್ಕೆ ಹೆಚ್ಚು ಖರ್ಚಿಲ್ಲ. ಅಜ್ಜಿ ಹೆಣೆದ ಉಣ್ಣೆ ಟೋಪಿ ಬ್ರ್ಯಾಂಡಿನ ಟೋಪಿಗೆ ಸಮ. ಬದಲಿ ಬಟ್ಟೆ, ಮಲಗುವ ಚೀಲ ನೆನೆಯದಂತೆ ಸುತ್ತಿಡಲು ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ಬೆಳ್ಳಿ ಬಣ್ಣದ ಜೀವರಕ್ಷಕ ಹೊದಿಕೆ ಅಂಗೈಯಲ್ಲಿ ಹಿಡಿಸುತ್ತದೆ, ನೂರು ಗ್ರಾಮೂ ತೂಗುವುದಿಲ್ಲ. ದುಬಾರಿಯಾದದ್ದು ಹೊರಕವಚ, ಒಳ್ಳೆಯ ಸ್ಲೀಪಿಂಗ್ ಬ್ಯಾಗು, ಶೂ. ಅವನ್ನು ಎಲ್ಲರೂ ಕೊಳ್ಳಬೇಕಿಲ್ಲ. ಸಂಘಟಕರು ಪರೀಕ್ಷಿಸಿಟ್ಟು ಫೀಸಿನೊಳಗೇ ಕೊಡಬೇಕು. ಹಾಗೆ ಮಾಡಿದರೆ ಬಡವನಿಗೆ ಅನುಕೂಲವೇ ಹೊರತು ನಷ್ಟವಲ್ಲ. ಈಗಿನ ಪದ್ಧತಿಯಲ್ಲೇ ನೋಡಿ: ದುಡ್ಡಿದ್ದವನು ಒಳ್ಳೆಯದನ್ನು ಕೊಂಡು ಹೋಗುತ್ತಾನೆ, ಇಲ್ಲದವನು ಫುಟ್‌ಪಾತಿನದನ್ನು ತೊಟ್ಟು ಅದೇ ಗಾಳಿಗೆ ಎದೆಯೊಡ್ಡುತ್ತಾನೆ.

ಮೂರು: ಬಟ್ಟೆಯಿಂದ ಯಾರೂ ಬದುಕುವುದಿಲ್ಲ, ಹವೆ ಕೆಟ್ಟಾಗ ಹಿಂದಿರುಗುವ ವಿವೇಕ ಬದುಕಿಸುತ್ತದೆ. ಮೂರರಲ್ಲಿ ಇದೇ ಬಲವಾದ ಮಾತು, ಅರ್ಧ ನಿಜ ಕೂಡ. ಬೇಸಗೆಯ ಹಿಮಾಲಯದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಆಲಿಕಲ್ಲು ಬೀಳುವುದು ಹೊಸತಲ್ಲ. ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ಇಳಿಯುವುದು ಹಳೆಯ ಕಟ್ಟಳೆ. ಅದನ್ನು ಮುರಿದರೆ ಯಾವ ಜಾಕೆಟ್ಟೂ ಶಾಶ್ವತವಾಗಿ ಕಾಯುವುದಿಲ್ಲ. ಆದರೆ ಬಟ್ಟೆ ಮಾಡುವ ಕೆಲಸವನ್ನು ಸರಿಯಾಗಿ ತಿಳಿಯಬೇಕು. ಬಟ್ಟೆ ಕಾವು ಕೊಡುವುದಿಲ್ಲ, ಕಾವು ದೇಹದ್ದೇ. ಅದು ಸೋರಿಹೋಗುವುದನ್ನು ಬಟ್ಟೆ ನಿಧಾನ ಮಾಡುತ್ತದೆ. ಅಂದರೆ ಬಟ್ಟೆ ಕೊಡುವುದು ಸಮಯ. ವಿವೇಕ ಕೆಲಸ ಮಾಡಲು, ದಾರಿ ಹುಡುಕಲು, ಕೆಳಗಿನಿಂದ ಯಾರಾದರೂ ಬರಲು ಬೇಕಾದದ್ದು ಅದೇ ಸಮಯ. ಒಂದು ರಾತ್ರಿ ದಾಟಿದರೆ ಹೆಲಿಕಾಪ್ಟರ್ ಬರುತ್ತದೆ ಎನ್ನುವಲ್ಲಿ ಆ ಒಂದು ರಾತ್ರಿಯೇ ಎಲ್ಲವೂ. ವಿವೇಕವನ್ನೂ ಬಟ್ಟೆಯನ್ನೂ ಎದುರುಬದುರು ನಿಲ್ಲಿಸುವವರು ಎರಡರಿಂದಲೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದಾರೆ.

ಇನ್ನೊಂದು ಸಂಗತಿಯನ್ನು ಚಾರಣಿಗರೂ ಸಂಘಟಕರೂ ಕೂಡಿಯೇ ಮರೆಯುತ್ತಾರೆ. ಗುಂಪಿನ ಮುಂದೆ ಸಾಮಾನು ಹೊತ್ತು ನಡೆಯುವವನು, ಹೇಸರಗತ್ತೆ ಹೊಡೆಯುವವನು, ಅಡುಗೆಯವನು ಏನು ತೊಟ್ಟಿದ್ದಾನೆ? ಆ ಪಟ್ಟಿ ಅವನಿಗೆ ಬಂದಿರುವುದಿಲ್ಲ. ಹಳೆಯ ಸ್ವೆಟರು, ಯಾರೋ ಬಿಟ್ಟುಹೋದ ಜಾಕೆಟ್ಟು, ತೆಳು ರಬ್ಬರಿನ ಬೂಟು. 2021ರ ಅಕ್ಟೋಬರಿನಲ್ಲಿ ಲಮ್‌ಖಾಗಾ ಪಾಸಿನ ದಾರಿಯಲ್ಲಿ ಹಿಮಕ್ಕೆ ಸಿಕ್ಕಿದ ತಂಡದಲ್ಲಿ ಬಂಗಾಳದ ಚಾರಣಿಗರ ಜೊತೆ ಅಡುಗೆಯವರೂ ಇದ್ದರು. ಬೆಟ್ಟದವರಿಗೆ ಚಳಿ ಅಭ್ಯಾಸ ಎಂಬುದು ಊರಿನವರು ತಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವ ಸುಳ್ಳು. ಅವರ ರಕ್ತವೂ 37 ಡಿಗ್ರಿಯದೇ. ಕೂಲಿಯಾಳಿಗೆ ಹೊರಕವಚ, ಬೂಟು, ಮಲಗುವ ಚೀಲ ಕೊಡದ ಸಂಸ್ಥೆಯ ಜೊತೆ ಹೋಗುವುದಿಲ್ಲ ಎಂದು ಗಿರಾಕಿಗಳು ಹೇಳಲು ಶುರುಮಾಡಿದ ದಿನ ಈ ದಂಧೆಯ ಅರ್ಧ ರೋಗ ವಾಸಿಯಾಗುತ್ತದೆ. ಅವನಿಗೆ ಕೊಡುವವನು ಗಿರಾಕಿಗೂ ಕೊಟ್ಟೇ ಕೊಡುತ್ತಾನೆ.

ಹಾಗಾದರೆ ಕೇಳಬೇಕಾದದ್ದೇನು? ಹೆಚ್ಚೇನಿಲ್ಲ. ಹೊರಡುವ ಹಿಂದಿನ ದಿನ ಬೇಸ್ ಕ್ಯಾಂಪಿನಲ್ಲಿ ಪ್ರತಿಯೊಬ್ಬರ ಚೀಲ ಬಿಚ್ಚಿ ನೋಡುವುದು, ಕೊರತೆಯಿದ್ದರೆ ಕೊಡುವುದು, ಕೊಡಲಾಗದಿದ್ದರೆ ಮೇಲೆ ಕರೆದೊಯ್ಯದಿರುವುದು. ಹೊರಕವಚ ಮತ್ತು ಟೋಪಿ ಹೇಸರಗತ್ತೆಯ ಮೇಲಲ್ಲ, ಪ್ರತಿಯೊಬ್ಬರ ಬೆನ್ನಮೇಲಿನ ಚೀಲದಲ್ಲೇ ಇರುವುದು; ಸಾಮಾನು ಮುಂದಿನ ಕ್ಯಾಂಪಿಗೆ ಹೋಗಿ ಜನ ಹಿಂದೆ ಉಳಿದಾಗ ಚಳಿ ಕಾಯುವುದಿಲ್ಲ. ಗುಂಪಿಗೆ ಒಂದೆರಡು ತುರ್ತು ಗುಡಾರಚೀಲ: ಎಂಟು ಮಂದಿ ತಲೆಯ ಮೇಲಿಂದ ಎಳೆದುಕೊಂಡು ಒಟ್ಟಿಗೆ ಕೂರಬಹುದಾದ ತೆಳು ನೈಲಾನಿನದು, ಒಂದು ಕಿಲೋದ ಆಸುಪಾಸು ತೂಗುತ್ತದೆ, ಬ್ರಿಟನ್ನಿನ ಬೆಟ್ಟದ ಗೈಡ್‌ಗಳು ಸಾಮಾನ್ಯವಾಗಿ ಒಯ್ಯುತ್ತಾರೆ. ಬಾಡಿಗೆಗೆ ಕೊಡುವ ಸ್ಲೀಪಿಂಗ್ ಬ್ಯಾಗಿನ ಮೇಲೆ ಆರಾಮದ ಅಂಕಿಯನ್ನೇ ಬರೆಯುವುದು. ಇಷ್ಟು ಸಂಘಟಕರ ಪಾಲು.

ಸರ್ಕಾರಗಳ ಪಾಲು ಬೇರೆ. ಮಹಾರಾಷ್ಟ್ರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದಿತು; ನೋಂದಣಿ, ಸುರಕ್ಷತೆಯ ನಿಯಮಗಳು ಅದರಲ್ಲಿವೆ. ಆದರೆ ಗುಂಪು ಕಟ್ಟುವುದು ಠಾಣೆಯಲ್ಲೋ ಬೆಂಗಳೂರಿನಲ್ಲೋ, ಹಣ ಹೋಗುವುದು ಇನ್ನೊಂದು ಊರಿಗೆ, ಸಾವು ಉತ್ತರಕಾಶಿಯಲ್ಲಿ. ಮೂರು ರಾಜ್ಯಗಳ ನಡುವಿನ ಸಂದಿಯಲ್ಲಿ ಹೊಣೆ ಜಾರಿಹೋಗುತ್ತದೆ. ಗುಂಪು ಹೊರಡಿಸುವ ಊರಿನಲ್ಲೇ ನೋಂದಣಿ, ಅಲ್ಲೇ ಹೊಣೆ ಎಂಬ ನಿಯಮ ಬೇಕು. ಉಪಗ್ರಹ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಒಯ್ಯುವುದು ಈ ದೇಶದಲ್ಲಿ ಅಪರಾಧ. ಗಡಿಯ ಭದ್ರತೆಯ ಕಾರಣ ಅರ್ಥವಾಗುವಂಥದ್ದೇ. ನೋಂದಾಯಿತ ಗೈಡಿಗೆ ಚಾರಣದ ಅವಧಿಗಾದರೂ ಒಂದು ತುರ್ತು ಸಂದೇಶದ ಯಂತ್ರವನ್ನು ಜಿಲ್ಲಾಡಳಿತವೇ ಕೊಟ್ಟು ವಾಪಸು ಪಡೆಯಲು ಏನಡ್ಡಿ? ಹಿಮದಲ್ಲಿ ಕುಳಿತವರ ಸುದ್ದಿ ಒಬ್ಬನ ಕಾಲಿನ ವೇಗದಲ್ಲಿ ಕೆಳಗಿಳಿಯಬೇಕಾದ ಕಾಲ ಇದಲ್ಲ.

ಉಳಿದದ್ದು ಚಾರಣಿಗರ, ಅವರ ಮನೆಯವರ, ಅವರ ಸಂಘಗಳ ಪಾಲು. ಡೊಂಬಿವಲಿ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳು ಯಕ್ಷಗಾನದ ವೇಷಭೂಷಣಕ್ಕೆ, ರಾಜ್ಯೋತ್ಸವದ ಶಾಲು ಹಾರಗಳಿಗೆ ದುಡ್ಡು ಕೂಡಿಸಬಲ್ಲವು. ಹತ್ತು ಒಳ್ಳೆಯ ಹೊರಕವಚ, ಹತ್ತು ಸ್ಲೀಪಿಂಗ್ ಬ್ಯಾಗು ಕೊಂಡು ಲೈಬ್ರರಿಯ ಪುಸ್ತಕದಂತೆ ಸದಸ್ಯರಿಗೆ ಕೊಡುವುದು ಅವುಗಳಿಗೆ ದೊಡ್ಡ ಹೊರೆಯಲ್ಲ. ವರ್ಷಕ್ಕೆ ಎರಡು ಮೂರು ಸಲ ಬಳಸುವ ವಸ್ತುವನ್ನು ಪ್ರತಿ ಮನೆಯೂ ಕೊಂಡು ಮುಂಬಯಿಯ ತೇವಕ್ಕೆ ಬೂಷ್ಟು ಹಿಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮುಂಬ್ರಾದ ಒಂದು ರೂಮು ಕಿಚನ್ನಿನ ಮನೆಯಲ್ಲೂ ಮಾಡಬಹುದಾದ ಪರೀಕ್ಷೆಯೊಂದಿದೆ. ಹೊರಡುವ ಎರಡು ವಾರ ಮೊದಲು ಥರ್ಮಲ್, ಫ್ಲೀಸ್, ಮೇಲಿನ ಜಾಕೆಟ್ ಎಲ್ಲ ತೊಟ್ಟು, ಟೋಪಿ ಬಿಗಿದು, ಬಚ್ಚಲಿನ ಶವರಿನ ಕೆಳಗೆ ಹತ್ತು ನಿಮಿಷ ನಿಲ್ಲಬೇಕು. ಶವರ್ ಇಲ್ಲದಿದ್ದರೆ ಮನೆಯವರು ಬಕೆಟ್ಟಿನಿಂದ ತಂಬಿಗೆ ತಂಬಿಗೆಯಾಗಿ ಸುರಿಯಲಿ. ಸೆಖೆಯಲ್ಲಿ ಬೆವರು ಕಿತ್ತು ಬರುತ್ತದೆ, ಮಕ್ಕಳು ನಗುತ್ತಾರೆ. ಕಳಚಿ ನೋಡಿದಾಗ ಭುಜದ ಹೊಲಿಗೆಯ ಉದ್ದಕ್ಕೂ, ಜಿಪ್ಪಿನ ಗೆರೆಯುದ್ದಕ್ಕೂ ಒಳಗಿನ ಬಟ್ಟೆ ನೆನೆದಿದ್ದರೆ ಆ ಜಾಕೆಟ್ಟು ಸಹ್ಯಾದ್ರಿಗೆ ಇರಲಿ, ಹಿಮಾಲಯಕ್ಕೆ ಬೇಡ. ಆಮೇಲೆ ಸಂಘಟಕರಿಗೆ ಫೋನ್ ಮಾಡಿ ಕೇಳಬೇಕು: ನಿಮ್ಮಲ್ಲಿ ಬಾಡಿಗೆಗೆ ಕೊಡುವ ಜಾಕೆಟ್ಟನ್ನು ಹೀಗೆ ನೀರಿಗೆ ಹಿಡಿದು ನೋಡಿದ್ದೀರಾ? ಅಡುಗೆಯವನಿಗೂ ಒಂದು ಕೊಡುತ್ತೀರಾ? ನಮ್ಮ ಚೀಲ ಯಾರು ಬಿಚ್ಚಿ ನೋಡುತ್ತಾರೆ? ಉತ್ತರವಾಗಿ ಮತ್ತೆ ಅದೇ ಪಟ್ಟಿಯ ಲಿಂಕ್ ಬಂದರೆ, ಮುಂಗಡ ಕಳಿಸುವ ಮುಂಚೆಯೇ ಆ ಚಾರಣವನ್ನು ಕೈಬಿಡುವುದು ಒಳ್ಳೆಯದು.